ಬೆಂಗಳೂರಲ್ಲಿ ಕೆಲಸ, ರಾಮನಗರದಲ್ಲಿ ಮನೆ: ಬೀದಿ ಆರಿಸುವುದು ಹೇಗೆ?

"ಬೆಂಗಳೂರಲ್ಲಿ ಬಾಡಿಗೆ ಕಟ್ಟಿ ಸಾಕಾಗಿದೆ. ರಾಮನಗರಕ್ಕೆ ಬರೋಣ ಅಂತಿದ್ದೀವಿ. ಯಾವ ಏರಿಯಾ ಒಳ್ಳೇದು?" ಓದುಗರು ಬಿಡದೆ ಕೇಳುವ ಪ್ರಶ್ನೆ ಇದು. ಏರಿಯಾ ಹೆಸರು ಒಂದನ್ನು ಹೇಳಿ ಮುಗಿಸಿದರೆ ನಿಮಗೆ ಉಪಯೋಗ ಆಗುವುದಿಲ್ಲ. ಒಂದೇ ಬಡಾವಣೆಯಲ್ಲಿ ಮೂರನೇ ಕ್ರಾಸಿಗೆ ನೀರು ಚೆನ್ನಾಗಿ ಬರುತ್ತದೆ, ಆರನೇ ಕ್ರಾಸಿಗೆ ಟ್ಯಾಂಕರೇ ಗತಿ. ಆದ್ದರಿಂದ ಬೀದಿಯನ್ನು ನೀವೇ ಅಳೆದು ನೋಡುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಉದಾಹರಣೆ ರಾಮನಗರದ್ದು. ಬಿಡದಿ, ಚನ್ನಪಟ್ಟಣಕ್ಕೂ ಹೆಚ್ಚುಕಡಿಮೆ ಇದೇ ಲೆಕ್ಕ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬಂದ ತಕ್ಷಣ ಸೈಟು, ಮನೆ ಕೊಳ್ಳಬೇಡಿ. ಒಂದು ಬೇಸಿಗೆ, ಒಂದು ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆಯಿರಿ. ಬೆಂಗಳೂರು ಇಲ್ಲಿಂದ ಸುಮಾರು 50 ಕಿಲೋಮೀಟರ್ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ನಿಮ್ಮ ದಿನ ಸಲೀಸಾಗಿ ಸಾಗಬೇಕಾದರೆ ಮನೆಯಿಂದ ಸ್ಟೇಷನ್ನಿಗೆ ಇರುವ ಎರಡು ಕಿಲೋಮೀಟರ್ ಹೇಗಿದೆ, ಮನೆಯ ಸಂಪಿಗೆ (ನೆಲದೊಳಗಿನ ನೀರಿನ ತೊಟ್ಟಿಗೆ) ನೀರು ಎಷ್ಟು ಬೀಳುತ್ತದೆ ಅನ್ನುವುದೇ ಮುಖ್ಯ. ಇವೆರಡೂ ಅಲ್ಲಿ ಬದುಕಿ ನೋಡಿದರೆ ಮಾತ್ರ ತಿಳಿಯುತ್ತದೆ.

ಬೇಕಾದದ್ದು ಇಷ್ಟೇ: ಒಂದು ನೋಟ್‌ಬುಕ್, ಅಳತೆ ಟೇಪು, ಮತ್ತು ಬೇರೆ ಬೇರೆ ಹೊತ್ತಿನಲ್ಲಿ ಊರಿಗೆ ಬಂದು ಹೋಗುವಷ್ಟು ಪುರುಸೊತ್ತು. ಕೆಲಸದ ದಿನ ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಮೇಲೆ ಒಮ್ಮೆ, ಜೋರು ಮಳೆ ಬಂದ ಮರುದಿನ ಒಮ್ಮೆ. ಭಾನುವಾರ ಮಧ್ಯಾಹ್ನ ಮಾತ್ರ ನೋಡಿದರೆ ಎಲ್ಲ ಬೀದಿಯೂ ಚೆನ್ನಾಗಿಯೇ ಕಾಣುತ್ತದೆ.

1. ನಿಮ್ಮ ಕೆಲಸ ಬೆಂಗಳೂರಿನ ಯಾವ ದಿಕ್ಕಿನಲ್ಲಿದೆ?

ಊರು ಆರಿಸುವ ಮೊದಲು ಇದನ್ನು ಬರೆದುಕೊಳ್ಳಿ. ಕೆಂಗೇರಿ, ಮೈಸೂರು ರಸ್ತೆ, ವಿಜಯನಗರ, ಮೆಜೆಸ್ಟಿಕ್, ವಿಧಾನಸೌಧದ ಸುತ್ತಮುತ್ತ ಕೆಲಸ ಇದ್ದರೆ ರಾಮನಗರ ಒಗ್ಗುತ್ತದೆ. ಬಿಡದಿಯ ಕಾರ್ಖಾನೆಗಳಲ್ಲಿ ಕೆಲಸ ಇದ್ದರಂತೂ ಹೇಳುವುದೇ ಬೇಡ. ವೈಟ್‌ಫೀಲ್ಡ್ ಕಡೆಯವರು ಹೊಸಕೋಟೆ, ಮಾಲೂರು ನೋಡಿ. ವಿಮಾನ ನಿಲ್ದಾಣದ ಕಡೆಯವರಿಗೆ ದೊಡ್ಡಬಳ್ಳಾಪುರ, ದೇವನಹಳ್ಳಿ. ಪೀಣ್ಯದವರಿಗೆ ನೆಲಮಂಗಲ. ಎಲೆಕ್ಟ್ರಾನಿಕ್ ಸಿಟಿಯವರಿಗೆ ಆನೇಕಲ್, ಅತ್ತಿಬೆಲೆ. ಬಾಡಿಗೆ ಕಡಿಮೆ ಅಂತ ಊರಿನ ಈ ತುದಿಯಿಂದ ಆ ತುದಿಗೆ ದಿನಾ ಹೋಗಿ ಬರುವುದು ಆರು ತಿಂಗಳೂ ನಡೆಯುವುದಿಲ್ಲ.

ಈಗ ಮನೆ ಬಾಗಿಲಿನಿಂದ ಆಫೀಸ್ ಕುರ್ಚಿಯವರೆಗೆ ಲೆಕ್ಕ ಹಾಕಿ. ಬ್ರೋಕರ್ ಹೇಳುವುದು ಬರೀ ರೈಲಿನ ಸಮಯ. ಒಂದು ಮಾದರಿ: ಮನೆಯಿಂದ ಸ್ಟೇಷನ್ 10 ನಿಮಿಷ, ಗಾಡಿ ನಿಲ್ಲಿಸಿ ಪ್ಲಾಟ್‌ಫಾರ್ಮಿಗೆ ಬಂದು ಕಾಯುವುದು 10, ರೈಲು 60, ಸಿಟಿ ಸ್ಟೇಷನ್ನಿನಲ್ಲಿ ಇಳಿದು ಮೆಟ್ರೋ ಹತ್ತುವುದು 15, ಎಂ.ಜಿ. ರಸ್ತೆಗೆ 10, ನಡಿಗೆ 10. ಒಟ್ಟು 115 ನಿಮಿಷ. ಅಂದರೆ ಹೋಗಿ ಬರಲು ನಾಲ್ಕು ಗಂಟೆಗೆ ಹತ್ತಿರ. ಇದೇ ಕೆಲಸ ಮೆಜೆಸ್ಟಿಕ್‌ನಲ್ಲೇ ಇದ್ದರೆ ಒಂದೂವರೆ ಗಂಟೆಗೆ ಮುಗಿಯುತ್ತದೆ. ಒಂದು ಕಡೆಗೆ ಎರಡು ಗಂಟೆ ದಾಟಿದರೆ, ಮತ್ತು ವಾರದಲ್ಲಿ ಐದು ದಿನವೂ ಹೋಗಲೇಬೇಕಿದ್ದರೆ, ಈ ಊರು ನಿಮಗಲ್ಲ. ಬಾಡಿಗೆಯಲ್ಲಿ ಉಳಿಯುವ ದುಡ್ಡಿಗಿಂತ ಮಕ್ಕಳ ಮುಖ ನೋಡುವ ಹೊತ್ತು ದೊಡ್ಡದು.

2. ರೈಲು, ಬಸ್ಸು, ರಸ್ತೆ: ಮೂರನ್ನೂ ನೀವೇ ಹತ್ತಿ ನೋಡಿ

ರಾಮನಗರಕ್ಕೆ ಇರುವ ದೊಡ್ಡ ಅನುಕೂಲ ರೈಲು. ಬೆಂಗಳೂರು–ಮೈಸೂರು ಮಾರ್ಗ ಜೋಡಿ ಹಳಿಯದು, ವಿದ್ಯುತ್ ಮಾರ್ಗ. ಮೆಮು ಗಾಡಿಗಳೂ ಕೆಲವು ಎಕ್ಸ್‌ಪ್ರೆಸ್‌ಗಳೂ ಇಲ್ಲಿ ನಿಲ್ಲುತ್ತವೆ. (ಮೆಮು ಅಂದರೆ ಸಣ್ಣ ನಿಲ್ದಾಣಗಳಲ್ಲೂ ನಿಂತು ಹೋಗುವ, ರಿಸರ್ವೇಶನ್ ಇಲ್ಲದ ಕರೆಂಟ್ ಗಾಡಿ.) ದಿನಾ ಓಡಾಡುವವರು ಸೀಸನ್ ಟಿಕೆಟ್ ಮಾಡಿಸುತ್ತಾರೆ, ರೂಢಿಯಲ್ಲಿ ಅದಕ್ಕೆ ಪಾಸ್ ಅನ್ನುತ್ತಾರೆ. ತಿಂಗಳಿಗೂ ಸಿಗುತ್ತದೆ, ಮೂರು ತಿಂಗಳಿಗೂ ಸಿಗುತ್ತದೆ. 150 ಕಿಲೋಮೀಟರ್ ಒಳಗಿನ ದೂರಕ್ಕೆ ಈ ಸೌಲಭ್ಯ ಇದೆ. ದಿನಾ ಟಿಕೆಟ್ ತೆಗೆಯುವುದಕ್ಕೆ ಹೋಲಿಸಿದರೆ ತುಂಬಾ ಅಗ್ಗ.

ಇಲ್ಲಿ ಹೆಚ್ಚಿನವರು ಎಡವುವುದು ಮೂರು ಕಡೆ. ಒಂದು, ಸಾಮಾನ್ಯ ಪಾಸ್ ಇಟ್ಟುಕೊಂಡು ರಿಸರ್ವೇಶನ್ ಬೋಗಿಗೆ ಹತ್ತುವುದು. ದಂಡ ಬೀಳುತ್ತದೆ. ಎರಡು, ಸೂಪರ್‌ಫಾಸ್ಟ್ ಗಾಡಿಗೆ ಪಾಸಿನ ಮೇಲೆ ಹೆಚ್ಚುವರಿ ಶುಲ್ಕ ಕಟ್ಟಬೇಕು ಅನ್ನುವುದು ಗೊತ್ತಿಲ್ಲದೆ ಹತ್ತುವುದು. ಮೂರನೆಯದೇ ದೊಡ್ಡದು: ಸೀಟು ಸಿಗುತ್ತದೆ ಅಂದುಕೊಳ್ಳುವುದು. ಚಾಮುಂಡಿ ಎಕ್ಸ್‌ಪ್ರೆಸ್‌ನಂಥ ಬೆಳಗಿನ ಗಾಡಿ ಮೈಸೂರು, ಮಂಡ್ಯ, ಮದ್ದೂರಿನ ಜನರನ್ನು ತುಂಬಿಕೊಂಡೇ ರಾಮನಗರಕ್ಕೆ ಬರುತ್ತದೆ. ಬಾಗಿಲ ಹತ್ತಿರ ಬ್ಯಾಗು ಮುಂದಕ್ಕೆ ಹಾಕಿಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು ಬಿಡದಿ, ಕೆಂಗೇರಿ ದಾಟಬೇಕು. ಸಂಜೆ ಸಿಟಿ ಸ್ಟೇಷನ್ನಿನಿಂದಲೇ ಹೊರಡುವ ಗಾಡಿಗೆ ಸ್ವಲ್ಪ ಮೊದಲೇ ಹೋದರೆ ಸೀಟು ಸಿಗಬಹುದು. ಬೆನ್ನು ನೋವು, ಮಂಡಿ ನೋವು ಇರುವವರು, ಗರ್ಭಿಣಿಯರು ಮನೆ ಹುಡುಕುವ ಮೊದಲು ಸೋಮವಾರ ಬೆಳಿಗ್ಗೆಯ ಗಾಡಿಯಲ್ಲಿ ಒಮ್ಮೆ ಹೋಗಿ ನೋಡಲೇಬೇಕು.

ಇಳಿದ ಮೇಲೆ ಮೆಟ್ರೋ ಕೈಹಿಡಿಯುತ್ತದೆ. ಸಿಟಿ ಸ್ಟೇಷನ್ನಿನ ಪಕ್ಕದಲ್ಲೇ ನೇರಳೆ ಮಾರ್ಗ. ಮುಂದಿನ ನಿಲ್ದಾಣ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಬಹುದು. 2023ರ ಅಕ್ಟೋಬರ್ 9ರಿಂದ ನೇರಳೆ ಮಾರ್ಗ ಮೈಸೂರು ರಸ್ತೆಯ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ಹೀಗಾಗಿ ಬಸ್ಸಿನಲ್ಲೋ ಸ್ವಂತ ಗಾಡಿಯಲ್ಲೋ ಬಂದು ಚಲ್ಲಘಟ್ಟ, ಕೆಂಗೇರಿಯಲ್ಲಿ ಮೆಟ್ರೋ ಹತ್ತುವವರೂ ಇದ್ದಾರೆ.

ಬಸ್ಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣವನ್ನು ಬೈಪಾಸ್ ಮಾಡಿ ಹೋಗುತ್ತದೆ. ಮೈಸೂರಿನ ತಡೆರಹಿತ ಬಸ್ಸುಗಳು ಊರೊಳಗೆ ಬರುವುದಿಲ್ಲ. "ಮೈಸೂರಿಗೆ ಹೋಗುವ ಬಸ್ಸು ನಿಮಿಷಕ್ಕೊಂದು ಇದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ರಾಮನಗರ ಬಸ್ ನಿಲ್ದಾಣದ ಒಳಗೆ ಬಂದು ಹೋಗುವ ಬಸ್ಸು ಯಾವುದು, ರಾತ್ರಿ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅನ್ನುವುದನ್ನು ನಿಲ್ದಾಣದ ವಿಚಾರಣೆ ಕೌಂಟರಿನಲ್ಲೇ ಕೇಳಿ ಬರೆದುಕೊಳ್ಳಿ. ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಕರ್ನಾಟಕದ ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟಿಗೆ ದುಡ್ಡಿಲ್ಲ. ಮನೆಯಲ್ಲಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿದ್ದರೆ ಅದೊಂದು ದೊಡ್ಡ ಉಳಿತಾಯ.

ಇನ್ನು ಎಕ್ಸ್‌ಪ್ರೆಸ್‌ವೇ. "ಎಕ್ಸ್‌ಪ್ರೆಸ್‌ವೇಗೆ ಬರೀ ಎರಡು ಕಿಲೋಮೀಟರ್" ಅನ್ನುವ ಜಾಹೀರಾತು ಕಂಡರೆ ಕೇಳಬೇಕಾದ ಪ್ರಶ್ನೆ ಒಂದೇ: ಹತ್ತುವ ಇಳಿಯುವ ದಾರಿ ಎಲ್ಲಿದೆ? ಎಲ್ಲೆಂದರಲ್ಲಿ ಹತ್ತಲು ಆಗುವುದಿಲ್ಲ. ಕಣ್ಣೆದುರೇ ರಸ್ತೆ ಕಾಣುತ್ತಿದ್ದರೂ ಹತ್ತಲು ಸರ್ವಿಸ್ ರಸ್ತೆಯಲ್ಲಿ ಸುತ್ತಿಕೊಂಡು ಹೋಗಬೇಕಾಗಬಹುದು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವೂ ಇಲ್ಲ. ಸ್ಕೂಟರ್ ನಂಬಿಕೊಂಡವರಿಗೆ ಅದು ಇದ್ದೂ ಇಲ್ಲದ ರಸ್ತೆ. ಕಾರಿನವರು ಟೋಲ್ ಸೇರಿಸಿ ಲೆಕ್ಕ ಹಾಕಿ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ, ಶುರುವಿನ ಬೆಲೆ 3,000 ರೂಪಾಯಿ. ಹೆಸರು ವಾರ್ಷಿಕ, ಆದರೆ ಮಿತಿ 200 ಸಲ. ದಿನಕ್ಕೆ ಹೋಗುವಾಗ ಒಂದು, ಬರುವಾಗ ಒಂದು ಅಂದರೆ 100 ಕೆಲಸದ ದಿನಕ್ಕೇ ಮುಗಿಯುತ್ತದೆ.

3. ಊರನ್ನು ಮೂರು ಭಾಗ ಮಾಡಿ ನೋಡಿ

ರಾಮನಗರದಲ್ಲಿ ಮನೆ ಹುಡುಕುವಾಗ ಊರು ಮೂರು ಬಗೆಯಾಗಿ ಸಿಗುತ್ತದೆ.

ಹಳೇ ಊರು, ಅಂದರೆ ಪೇಟೆ ಮತ್ತು ಅದರ ಸುತ್ತಿನ ಬೀದಿಗಳು. ಎಲ್ಲವೂ ಕಾಲಳತೆಯಲ್ಲಿ ಸಿಗುತ್ತದೆ. ಕಾರು ನಿಲ್ಲಿಸಲು ಜಾಗ ಇಲ್ಲ, ಗೋಡೆಗೆ ಗೋಡೆ ಅಂಟಿದ ಮನೆಗಳು. ಕಾರಿಲ್ಲದ, ವಯಸ್ಸಾದ ಅಪ್ಪ ಅಮ್ಮ ಜೊತೆಗಿರುವ ಮನೆಯವರಿಗೆ ಇದು ಎಷ್ಟೋ ಮೇಲು. ಔಷಧಿ ಅಂಗಡಿ, ತರಕಾರಿ, ದೇವಸ್ಥಾನಕ್ಕೆ ಯಾರನ್ನೂ ಕಾಯಬೇಕಿಲ್ಲ.

ಐಜೂರಿನ ಕಡೆಯಂಥ ಬೆಳೆದ ಬಡಾವಣೆಗಳು. ರಸ್ತೆ ಅಗಲ, ಮನೆಗಳು ತುಂಬಿವೆ, ನಗರಸಭೆಯ ಸವಲತ್ತು ಬಂದಿದೆ. ಬಾಡಿಗೆ ಸ್ವಲ್ಪ ಜಾಸ್ತಿ. ಹೊಸದಾಗಿ ಬರುವವರಿಗೆ ನನ್ನ ಸಲಹೆ ಇಲ್ಲಿಂದಲೇ ಶುರು ಮಾಡಿ ಅನ್ನುವುದು.

ಮೂರನೆಯದು ಊರಾಚೆಯ ಹೊಸ ಲೇಔಟುಗಳು ಮತ್ತು ಹಳ್ಳಿಗಳು. ಗಾಳಿ ಬೆಳಕು ಚೆನ್ನಾಗಿದೆ, ಬಾಡಿಗೆ ಕಡಿಮೆ. ಆದರೆ ಹತ್ತು ಸೈಟಿಗೆ ಒಂದು ಮನೆ, ಬೀದಿ ದೀಪ ಇಲ್ಲ, ರಾತ್ರಿ ಆಟೋ ಬರುವುದಿಲ್ಲ. ರಾಮನಗರದ ಸುತ್ತ ಬಂಡೆ ಬೆಟ್ಟಗಳು. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಆ ಕಡೆಯ ಅಂಚಿನಲ್ಲಿ ಚಿರತೆ, ಕರಡಿ ಓಡಾಡುತ್ತವೆ. ಹೆದರಿಸಲು ಹೇಳುತ್ತಿಲ್ಲ. ಆದರೆ ರಾತ್ರಿ ಹತ್ತಕ್ಕೆ ಸ್ಟೇಷನ್ನಿನಿಂದ ಒಬ್ಬರೇ ಬರುವ ಮಗಳೋ ತಂಗಿಯೋ ಮನೆಯಲ್ಲಿದ್ದರೆ, ದೀಪವಿಲ್ಲದ ಆ ಕೊನೆಯ ಅರ್ಧ ಕಿಲೋಮೀಟರನ್ನು ಅದೇ ಹೊತ್ತಿಗೆ ನೀವು ನಡೆದು ನೋಡಿ.

ಇನ್ನೊಂದು ಸಂಗತಿ ಈ ಊರಿಗೇ ಸೇರಿದ್ದು. ರಾಮನಗರ ರೇಷ್ಮೆ ಗೂಡಿನ ದೊಡ್ಡ ಮಾರುಕಟ್ಟೆಯ ಊರು. ಗೂಡು ಬೇಯಿಸಿ ನೂಲು ತೆಗೆಯುವ ಘಟಕಗಳು ಕೆಲವು ಬೀದಿಗಳಲ್ಲಿ ಮನೆಗಳ ನಡುವೆಯೇ ಇವೆ. ಗೂಡು ಬೇಯುವಾಗ ಒಳಗಿನ ಹುಳುವಿನ ಗಾಢ ವಾಸನೆ ಬೀದಿ ತುಂಬುತ್ತದೆ. ಹುಟ್ಟಿ ಬೆಳೆದವರಿಗೆ ಅದು ವಾಸನೆ ಅನ್ನಿಸುವುದೇ ಇಲ್ಲ. ಹೊಸಬರಿಗೆ, ಉಬ್ಬಸ ಇರುವವರಿಗೆ ಕಷ್ಟ. ಆ ಘಟಕಗಳಿಂದಲೇ ನೂರಾರು ಮನೆಗಳ ಒಲೆ ಉರಿಯುತ್ತದೆ. ನೀವು ಬಂದ ಮೇಲೆ ತಕರಾರು ತೆಗೆಯುವ ಬದಲು, ಬೆಳಿಗ್ಗೆ ಕೆಲಸ ನಡೆಯುವ ಹೊತ್ತಿಗೆ ಹೋಗಿ ನೋಡಿ. ಆಗದಿದ್ದರೆ ಬೇರೆ ಬೀದಿ ಹುಡುಕಿ.

4. ನೀರು: ಇದನ್ನು ಅಳೆದೇ ನೋಡಿ

"ನೀರಿಗೇನೂ ತೊಂದರೆ ಇಲ್ಲ" ಅನ್ನುವ ಮಾತನ್ನು ಪ್ರತಿ ಮನೆ ಮಾಲೀಕರೂ ಹೇಳುತ್ತಾರೆ. ನೀವು ಬಿಡಿಸಿ ಕೇಳಬೇಕು. ನಗರಸಭೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಎಷ್ಟು ಹೊತ್ತು? ಏಪ್ರಿಲ್‌ನಲ್ಲಿ ಎಷ್ಟು ದಿನಕ್ಕೊಮ್ಮೆ ಬಂತು? ಬೋರ್‌ವೆಲ್ ಯಾರದ್ದು, ಎಷ್ಟು ಮನೆಗೆ? ಇದೇ ಪ್ರಶ್ನೆಗಳನ್ನು ಪಕ್ಕದ ಮನೆಯವರಿಗೂ, ಬೀದಿಗೆ ನೀರು ಬಿಡುವ ವಾಲ್ವ್‌ಮ್ಯಾನ್‌ಗೂ ಕೇಳಿ. ಹಳ್ಳಿಯಾದರೆ ನೀರುಗಂಟಿಯನ್ನು ಕೇಳಿ. ಊರಿನ ನೀರಿನ ನಿಜಸ್ಥಿತಿ ಇವರಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ.

ಆಮೇಲೆ ಸಂಪಿನ ಮುಚ್ಚಳ ತೆಗೆಸಿ ಅಳೆಯಿರಿ. ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಸುಮಾರಾಗಿ ಎಷ್ಟು ಲೀಟರ್ ಅಂತ ಸಿಗುತ್ತದೆ. 6 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳದ ಸಂಪಿಗೆ 5,000 ಲೀಟರ್ ಹಿಡಿಯುತ್ತದೆ. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರಿ ಮಾನದಂಡ. ನಾಲ್ಕು ಜನರ ಮನೆಗೆ 540 ಲೀಟರ್. ಅಂದರೆ ಈ ಸಂಪು ತುಂಬಿದರೆ ಒಂಬತ್ತು ದಿನ ಬರುತ್ತದೆ. ಮೂರು ಬಾಡಿಗೆ ಮನೆಗೆ ಒಂದೇ ಸಂಪಾದರೆ ಮೂರೇ ದಿನ. ಆಗ ನೀರು ನಾಲ್ಕು ದಿನಕ್ಕೊಮ್ಮೆ ಬಂದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಟ್ಯಾಂಕರ್‌ ತರಿಸುವ ಬೀದಿಯಾದರೆ ಇನ್ನೊಂದು ಮಾತು: ಟ್ಯಾಂಕರಿನ ಒಂದು ಲೋಡಿಗಿಂತ ಸಂಪು ಚಿಕ್ಕದಾದರೆ ಪೂರ್ತಿ ದುಡ್ಡು ಕೊಟ್ಟು ಅರ್ಧ ನೀರು ಇಳಿಸಿಕೊಳ್ಳಬೇಕಾಗುತ್ತದೆ.

ಕೊನೆಗೆ ಬಚ್ಚಲಿಗೆ ಹೋಗಿ ನಲ್ಲಿಯ ಬಾಯಿ ನೋಡಿ. ಸುತ್ತ ಬಿಳಿ ಸುಣ್ಣದಂಥ ಪದರ ಗಟ್ಟಿಯಾಗಿ ಕೂತಿದ್ದರೆ, ಶವರಿನ ಅರ್ಧ ತೂತು ಮುಚ್ಚಿಹೋಗಿದ್ದರೆ ಅದು ಗಡಸು ನೀರು. ಸೋಪು ಹಚ್ಚಿ ಕೈ ತೊಳೆದು ನೋಡಿ, ನೊರೆ ಏಳುವುದಿಲ್ಲ. ಬಂಡೆ ನೆಲದ ಈ ಭಾಗದ ಬೋರ್‌ವೆಲ್‌ಗಳಲ್ಲಿ ಇದು ಮಾಮೂಲಿ. ಬಟ್ಟೆ, ಪಾತ್ರೆಗೆ ಹೇಗೋ ನಡೆಯುತ್ತದೆ, ಗೀಸರ್ ಬೇಗ ಹಾಳಾಗುತ್ತದೆ. ಕುಡಿಯಲು ಹತ್ತಿರದ ಶುದ್ಧ ನೀರಿನ ಘಟಕ ಎಲ್ಲಿದೆ, ಕೆಲಸ ಮಾಡುತ್ತಿದೆಯಾ ನೋಡಿಕೊಳ್ಳಿ. ಬಿಡದಿ ಕಡೆ ಹುಡುಕುವವರು ಬೈರಮಂಗಲ ಕೆರೆಯ ಸುತ್ತಲ ಬೋರ್‌ವೆಲ್ ನೀರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸದೆ ಒಪ್ಪಬೇಡಿ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬಂದು ಸೇರುವುದು ಆ ಕೆರೆಗೇ.

5. ಮಳೆ ನೀರು ಎಲ್ಲಿಗೆ ಹರಿಯುತ್ತದೆ?

2022ರ ಆಗಸ್ಟ್ ಕೊನೆಯ ಮಳೆಯನ್ನು ರಾಮನಗರದವರು ಮರೆತಿಲ್ಲ. ಕೆರೆಗಳು ಉಕ್ಕಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು, ಹೆದ್ದಾರಿಯ ಅಂಡರ್‌ಪಾಸ್‌ನಲ್ಲಿ ವಾಹನಗಳು ಮುಳುಗಿದವು. ಅರ್ಕಾವತಿ ನದಿ ಊರ ನಡುವೆಯೇ ಹರಿಯುತ್ತದೆ. ಬೇಸಿಗೆಯಲ್ಲಿ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ.

ಮನೆ ನೋಡಲು ಹೋದಾಗ ಬೀದಿಯ ಹಳೇ ಅಂಗಡಿಯವರನ್ನು ಕೇಳಿ: "ಅಣ್ಣಾ, ಇಪ್ಪತ್ತೆರಡರಲ್ಲಿ ನೀರು ಎಲ್ಲೀವರೆಗೆ ಬಂದಿತ್ತು?" ಅವರು ಕೈ ತೋರಿಸಿ ಹೇಳುತ್ತಾರೆ. ಕಾಂಪೌಂಡ್ ಗೋಡೆಯ ಕೆಳಭಾಗದಲ್ಲಿ ಒಂದೇ ಮಟ್ಟಕ್ಕೆ ಬಣ್ಣ ಕಿತ್ತಿದೆಯಾ, ಅಕ್ಕಪಕ್ಕದವರು ಬಾಗಿಲಿಗೆ ಎತ್ತರದ ಕಟ್ಟೆ ಕಟ್ಟಿಸಿಕೊಂಡಿದ್ದಾರಾ ನೋಡಿ. ಸಂಪಿನ ಬಾಯಿ ನೆಲಮಟ್ಟದಲ್ಲಿದ್ದರೆ ಚರಂಡಿ ನೀರು ಸೀದಾ ಒಳಗೆ ಹೋಗುತ್ತದೆ. ಯುಜಿಡಿ ಇದೆಯಾ ಅಂತಲೂ ಕೇಳಿ. ಯುಜಿಡಿ ಅಂದರೆ ನೆಲದಡಿಯ ಒಳಚರಂಡಿ. ಇಲ್ಲದಿದ್ದರೆ ಪಿಟ್, ಅಂದರೆ ಶೌಚಾಲಯದ ಗುಂಡಿ ಇರುತ್ತದೆ, ಅದನ್ನು ಖಾಲಿ ಮಾಡಿಸುವ ಖರ್ಚು ಯಾರದ್ದು ಅನ್ನುವುದು ಮೊದಲೇ ಮಾತಾಗಲಿ.

6. ಸ್ಕೂಲು, ಆಸ್ಪತ್ರೆ, ನೆಟ್‌ವರ್ಕ್

ಇವು ಬೇಗ ಮುಗಿಯುವ ಕೆಲಸ. ಸ್ಕೂಲ್ ವ್ಯಾನು ಆ ಬೀದಿಗೆ ಬರುತ್ತದಾ ಅಂತ ಸ್ಕೂಲಿನಲ್ಲೇ ಕೇಳಿ. ಜಿಲ್ಲಾ ಕೇಂದ್ರವಾದ್ದರಿಂದ ಜಿಲ್ಲಾಸ್ಪತ್ರೆ ಊರಲ್ಲೇ ಇದೆ. ಮನೆಯಲ್ಲಿ ಡಯಾಲಿಸಿಸ್, ಹೃದಯದ ಚಿಕಿತ್ಸೆ ಬೇಕಾದವರಿದ್ದರೆ ಆ ವಿಭಾಗ ಇದೆಯಾ, ರಾತ್ರಿ ಹೊತ್ತು ವೈದ್ಯರು ಇರುತ್ತಾರಾ ಅಂತ ಹೋಗಿ ವಿಚಾರಿಸಿ. ಮನೆಯಿಂದ ಕೆಲಸ ಮಾಡುವವರು ಮನೆಯ ಒಳಕೋಣೆಯಲ್ಲೇ ನಿಂತು ಮೊಬೈಲ್ ಸಿಗ್ನಲ್ ನೋಡಿ, ಫೈಬರ್ ಕೇಬಲ್ ಆ ಬೀದಿಗೆ ಬಂದಿದೆಯಾ ಕೇಳಿ. ಹೊಸ ಲೇಔಟುಗಳಲ್ಲಿ ಕರೆಂಟು ಹೋದಾಗ ಟವರೂ ಹೋಗುವುದುಂಟು.

7. ಬಾಡಿಗೆ ಕರಾರು ಮತ್ತು ಭೋಗ್ಯ

ಬಾಡಿಗೆ ಕರಾರನ್ನು ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ. ಅಡ್ವಾನ್ಸ್ ಎಷ್ಟು, ಖಾಲಿ ಮಾಡುವಾಗ ಬಣ್ಣದ ಖರ್ಚು ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ತಿಂಗಳು ಮೊದಲು ಹೇಳಬೇಕು, ಟ್ಯಾಂಕರ್ ನೀರಿನ ದುಡ್ಡು ಯಾರು ಕೊಡಬೇಕು, ಈ ನಾಲ್ಕೂ ಬರಹದಲ್ಲಿ ಇರಲಿ. ಟ್ಯಾಂಕರಿನ ಮಾತು ಬರೆಸದೆ ಬೇಸಿಗೆಯಲ್ಲಿ ಜಗಳ ಆಡುವವರು ಬಹಳ.

ಕರೆಂಟಿನ ಹಳೇ ಬಿಲ್ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಆರ್‌ಆರ್ ನಂಬರ್ ಇರುತ್ತದೆ, ಅದು ಮೀಟರಿನ ಗುರುತಿನ ಸಂಖ್ಯೆ. ಹೊಸ ಮನೆಯಾದರೆ ಕನೆಕ್ಷನ್ ಕಾಯಂ ಆಗಿದೆಯಾ, ಕಟ್ಟಡ ಕಟ್ಟುವಾಗ ಪಡೆದ ತಾತ್ಕಾಲಿಕ ಕನೆಕ್ಷನ್ನೇ ಇದೆಯಾ ನೋಡಿ. ತಾತ್ಕಾಲಿಕದ್ದಾದರೆ ಯೂನಿಟ್ ದರ ಜಾಸ್ತಿ, ಗೃಹಜ್ಯೋತಿ ಯೋಜನೆಯ ಉಚಿತ ಕರೆಂಟೂ ಸಿಗುವುದಿಲ್ಲ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಜೋಡಣೆ ತೆಗೆದಿದ್ದಾರಾ ಕೇಳಿ, ನಿಮ್ಮದನ್ನು ಜೋಡಿಸಿ.

ಭೋಗ್ಯಕ್ಕೆ, ಅಂದರೆ ಈಗಿನ ಮಾತಿನಲ್ಲಿ ಲೀಸಿಗೆ, ಮನೆ ಸಿಗುವುದುಂಟು. ಒಂದಷ್ಟು ಲಕ್ಷ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇರುವ ಪದ್ಧತಿ. ಕೇಳಲು ಚೆನ್ನಾಗಿದೆ, ಅಪಾಯ ಜಾಸ್ತಿ. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು, ಮಾಲೀಕರು ಕಂತು ಕಟ್ಟದಿದ್ದರೆ ಬ್ಯಾಂಕಿನವರು ಬಂದು ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ. ನಿಮ್ಮ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ವರ್ಷ ಮೀರಿದ ಲೀಸನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. "ನೋಂದಣಿ ಎಲ್ಲ ಯಾಕೆ, ನಾವು ನಂಬಿಕಸ್ತರು" ಅಂದರೆ ಆ ಮನೆ ಬಿಟ್ಟುಬಿಡಿ.

8. ವರ್ಷ ಕಳೆದ ಮೇಲೆ: ಕೊಳ್ಳುವುದಾದರೆ

ಈಗ ನಿಮಗೆ ಬೀದಿ ಗೊತ್ತು, ನೀರು ಗೊತ್ತು, ಗಾಡಿಯ ಸಮಯ ಗೊತ್ತು. ಇನ್ನು ಕಾಗದ ಪತ್ರ. ದೊಡ್ಡ ಮೋಸಗಳು ನಡೆಯುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಮೊದಲು ವಿಳಾಸ. 2025ರಲ್ಲಿ ಸರ್ಕಾರ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಿಸಿತು. ಬೆಂಗಳೂರು ನಗರ ಜಿಲ್ಲೆಯಲ್ಲಿ ಬೆಂಗಳೂರು ದಕ್ಷಿಣ ಅನ್ನುವ ತಾಲ್ಲೂಕು ಬೇರೆಯೇ ಇದೆ. ಜಾಹೀರಾತಿನಲ್ಲಿ "ಬೆಂಗಳೂರು ದಕ್ಷಿಣದಲ್ಲಿ ಸೈಟು" ಅಂತ ಕಂಡರೆ ಯಾವ ತಾಲ್ಲೂಕು, ಯಾವ ಹೋಬಳಿ, ಯಾವ ಗ್ರಾಮ, ಸರ್ವೆ ನಂಬರ್ ಎಷ್ಟು ಅಂತ ಕೇಳಿ. ಹೆಸರು ಬದಲಾದ ಮಾತ್ರಕ್ಕೆ ಮೆಟ್ರೋ, ಕಾವೇರಿ ನೀರು ಬಾಗಿಲಿಗೆ ಬರುವುದಿಲ್ಲ.

ಸರ್ವೆ ನಂಬರ್ ಸಿಕ್ಕ ಮೇಲೆ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೇ ಹೋಗಿ ನಿಲ್ಲಿ. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಮಾರುವವರು ಹೇಳಿದ ನಂಬರಿಗೂ ಇದಕ್ಕೂ ತಾಳೆ ಆಗಬೇಕು. ಕೆರೆ, ಹಳ್ಳ, ಗೋಮಾಳ, ಖರಾಬು ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ. ಗೋಮಾಳ ಅಂದರೆ ದನ ಮೇಯಲು ಬಿಟ್ಟ ಸರ್ಕಾರಿ ಜಾಗ. ಖರಾಬು ಅಂದರೆ ಸಾಗುವಳಿಗೆ ಬಾರದ್ದು ಅಂತ ದಾಖಲಾದ ಜಾಗ. ಅದರಲ್ಲಿ ಬಿ ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯದ್ದು, ಮಾರಲು ಬರುವುದಿಲ್ಲ. ದಿಶಾಂಕ್ ಬರೀ ಸುಳಿವು ಕೊಡುತ್ತದೆ. ಗಡಿಯನ್ನು ಸರ್ಕಾರಿ ಸರ್ವೇಯರ್ ಅಳೆದೇ ಗುರುತಿಸಬೇಕು.

ಸ್ವಾಧೀನದ ಪ್ರಶ್ನೆಯನ್ನೂ ಕೇಳಲೇಬೇಕು. ಬಿಡದಿ ಹತ್ತಿರದ ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಹಳ್ಳಿಗಳಲ್ಲಿ ಉಪನಗರ ಯೋಜನೆಗೆ 2025ರಲ್ಲಿ ಭೂಸ್ವಾಧೀನದ ಅಧಿಸೂಚನೆ ಬಂದಿದೆ. ಬೆಂಗಳೂರಿನ ಸುತ್ತಲ ಊರುಗಳನ್ನು ಜೋಡಿಸುವ ಉಪನಗರ ವರ್ತುಲ ರಸ್ತೆಯೂ ಕನಕಪುರ, ರಾಮನಗರ, ಮಾಗಡಿ ಸುತ್ತ ಹಾದುಹೋಗುತ್ತದೆ. ನಿಮ್ಮ ಸರ್ವೆ ನಂಬರ್ ಇವುಗಳಲ್ಲಿ ಇದೆಯಾ ಅಂತ ತಾಲ್ಲೂಕು ಕಚೇರಿಯಲ್ಲೂ ನಗರಾಭಿವೃದ್ಧಿ ಪ್ರಾಧಿಕಾರದಲ್ಲೂ ವಿಚಾರಿಸಿ.

ಆಮೇಲೆ ಖಾತೆ. ಖಾತೆ ಅಂದರೆ ತೆರಿಗೆ ಯಾರ ಹೆಸರಿನಲ್ಲಿದೆ ಅನ್ನುವ ದಾಖಲೆ, ಅದೊಂದೇ ಮಾಲೀಕತ್ವದ ಪತ್ರ ಅಲ್ಲ. ನಗರಸಭೆ ವ್ಯಾಪ್ತಿಯಲ್ಲಿ ಇ-ಖಾತೆ ಎ ಆಗಿದೆಯಾ ಬಿ ಆಗಿದೆಯಾ ನೋಡಿ. ಬಿ ಅಂದರೆ ಅನುಮೋದನೆಯಿಲ್ಲದ ಸ್ವತ್ತು. ಬ್ಯಾಂಕ್ ಸಾಲಕ್ಕೂ ಮನೆ ಕಟ್ಟುವ ನಕ್ಷೆಗೂ ತೊಡಕಾಗುತ್ತದೆ. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಸ್ವತ್ತು ದಾಖಲೆ) ನಮೂನೆ 9 ಮತ್ತು 11ಎ ಬೇಕು. ಕೈಗೆ 11ಬಿ ಕೊಟ್ಟು "ಎರಡೂ ಒಂದೇ ಸಾರ್" ಅನ್ನುವವರಿದ್ದಾರೆ. ಎರಡೂ ಒಂದಲ್ಲ, 11ಬಿ ಅನುಮೋದನೆಯಿಲ್ಲದ ಸ್ವತ್ತಿನದು.

ಇವುಗಳ ಜೊತೆಗೆ ಭೂಪರಿವರ್ತನೆ ಆದೇಶ (ವ್ಯವಸಾಯದ ಜಮೀನನ್ನು ವಾಸಕ್ಕೆ ಬದಲಿಸಿದ ಜಿಲ್ಲಾಧಿಕಾರಿಗಳ ಆದೇಶ), ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಸಿಗುವ ಇಸಿ ಬೇಕು. ಇಸಿ ಅಂದರೆ ಋಣಭಾರ ಪತ್ರ. ಆ ಸ್ವತ್ತಿನ ನೋಂದಾಯಿತ ಮಾರಾಟ, ಅಡಮಾನಗಳೆಲ್ಲ ಅದರಲ್ಲಿ ಸಾಲಾಗಿ ಬರುತ್ತವೆ. 30 ವರ್ಷದ್ದು ತೆಗೆಸಿ. 2004ಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಅರ್ಜಿ ಹಾಕಬೇಕಾಗುತ್ತದೆ. ಲೇಔಟು 500 ಚದರ ಮೀಟರ್ ಮೀರಿದ್ದರೆ ರೇರಾ (ಮನೆ, ಸೈಟು ಮಾರುವ ಯೋಜನೆಗಳ ಮೇಲೆ ನಿಗಾ ಇಡುವ ಪ್ರಾಧಿಕಾರ) ನೋಂದಣಿ ಇರಬೇಕು, ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿ.

ತಪ್ಪಿಸಬೇಕಾದ ಗುಂಡಿಗಳು ಮೂರು. ರೆವಿನ್ಯೂ ಸೈಟು: ಭೂಪರಿವರ್ತನೆ ಆಗದ ಜಮೀನನ್ನೇ ತುಂಡು ಮಾಡಿ ಮಾರುವುದು. ಬೆಲೆ ಅರ್ಧಕ್ಕೆ ಸಿಗುತ್ತದೆ, ಖಾತೆಗಾಗಿ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಜಿಪಿಎ ಮಾರಾಟ: ಬರೀ ಅಧಿಕಾರ ಪತ್ರ ಬರೆದುಕೊಟ್ಟು ಮಾರುವುದು. ಇದರಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮೂರನೆಯದು ಪಿಟಿಸಿಎಲ್: ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಅನ್ನುವ 1978ರ ಕಾಯ್ದೆ. ಅದು ಆ ಕುಟುಂಬಗಳ ನೆಲ ಉಳಿಸಲು ಇರುವ ಕಾನೂನು. ಅಂಥ ಜಮೀನಿನಲ್ಲಿ ಎದ್ದ ಸೈಟು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ಮೂಲ ಮಂಜೂರಾತಿ ದಾಖಲೆ ನೋಡಿದರೆ ತಿಳಿಯುತ್ತದೆ, ಅದನ್ನು ವಕೀಲರಿಂದಲೇ ನೋಡಿಸಿ.

ಬಜೆಟ್ ಹಾಕುವಾಗ ನೋಂದಣಿ ಖರ್ಚು ಮರೆಯಬೇಡಿ. ಸೈಟಿನ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ.

ಟೋಕನ್ ಅಡ್ವಾನ್ಸ್ ಕೊಡುವುದು ಕೊನೆಯ ಕೆಲಸ. "ಇವತ್ತು ಕೊಡದಿದ್ದರೆ ನಾಳೆ ಇನ್ನೊಬ್ಬರು ಬರ್ತಾರೆ" ಅನ್ನುವ ಮಾತಿಗೆ ಅವಸರ ಪಡಬೇಡಿ. ವಕೀಲರು ಕಾಗದ ನೋಡಿ ಬರವಣಿಗೆಯಲ್ಲಿ ಅಭಿಪ್ರಾಯ ಕೊಟ್ಟ ಮೇಲೆ, ಬ್ಯಾಂಕ್ ಮೂಲಕ, ಮಾಲೀಕರ ಖಾತೆಗೇ ದುಡ್ಡು ಹಾಕಿ, ಬ್ರೋಕರ್ ಕೈಗೆ ಬೇಡ. ದಾಖಲೆಯಲ್ಲಿ ದೋಷ ಕಂಡರೆ ಟೋಕನ್ ಹಣ ಇಷ್ಟು ದಿನದೊಳಗೆ ವಾಪಸ್ ಅನ್ನುವ ಸಾಲು ಕರಾರಿನಲ್ಲಿ ಇರಲಿ. ಬ್ಯಾಂಕ್ ಸಾಲ ಮಂಜೂರಾಗದಿದ್ದರೂ ವಾಪಸ್ ಅಂತ ಅದರ ಕೆಳಗೇ ಇನ್ನೊಂದು ಸಾಲು ಬರೆಸಿಕೊಳ್ಳಿ.